ಸಿಬ್ಬಂದಿ ಕ್ಷೇಮ ಸಮಿತಿ: ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಅಡಿಕೆ ವಖಾರಿಯಲ್ಲಿ ಸಂಜೆ ನಾಲ್ಕಕ್ಕೆ ಚಹಾ ಬರುತ್ತದೆ, ಅದರ ಹಿಂದೆಯೇ ಪ್ರಶ್ನೆಗಳು ಬರುತ್ತವೆ. ಕ್ಷೇಮ ಸಮಿತಿಯ ಕಾರ್ಯದರ್ಶಿ ಎಂಬ ಹೆಸರು ನನಗೆ ಅಂಟಿಕೊಂಡು ಆರು ವರ್ಷವಾಯಿತು. ಒಂದೇ ಪ್ರಶ್ನೆಗೆ ಸಿದ್ದಾಪುರ ಶಾಖೆಯಲ್ಲಿ ಒಂದು ಉತ್ತರ, ಕುಮಟಾ ಶಾಖೆಯಲ್ಲಿ ಇನ್ನೊಂದು ಉತ್ತರ ಓಡಾಡುತ್ತಿರುವುದು ಗೊತ್ತಾದ ಮೇಲೆ ಬರೆದಿಡುವುದೇ ಒಳ್ಳೆಯದು ಎನಿಸಿತು. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಒಂದೇ ಸಾಲು. ಉದ್ದವಾದವು ನನಗೆ ಹೆಚ್ಚು ಕಾಡಿದವು ಎಂದುಕೊಳ್ಳಿ.

ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲ. ಈ ಸಮಿತಿಗೆ ನಾನೂ ಸೇರುತ್ತೇನೆಯೇ?

ಸೇರುತ್ತೀರಿ. ಹಮಾಲರು, ಅಡಿಕೆ ಆರಿಸುವ ಮಹಿಳೆಯರು, ಕಸ ಗುಡಿಸುವವರು, ರಾತ್ರಿ ಕಾವಲಿನವರು, ಲಾರಿ ಚಾಲಕರು ಎಲ್ಲರೂ ಸೇರುತ್ತಾರೆ. ಸಂಬಳ ಯಾರ ಕೈಯಿಂದ ಬರುತ್ತದೆ ಎಂಬುದನ್ನು ಸಮಿತಿ ನೋಡುವುದಿಲ್ಲ.

ಮೊದಲಿನಿಂದ ಹೀಗಿರಲಿಲ್ಲ. ಮೂರು ವರ್ಷಗಳ ಹಿಂದೆ ಹಮಾಲರ ಗುಂಪಿನ ಹಿರಿಯರೊಬ್ಬರು ಕೆಲಸ ಬಿಟ್ಟರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಅಂಗಳದಲ್ಲಿ ಚೀಲ ಹೊತ್ತವರು. ಅದೇ ವಾರ ಲೆಕ್ಕ ವಿಭಾಗದ ಒಬ್ಬರು ನಿವೃತ್ತರಾದರು. ಅವರಿಗೆ ಶಾಲು, ಹಾರ, ಫಲತಾಂಬೂಲ, ಸುದ್ದಿಹಾಳೆಯಲ್ಲಿ ಅರ್ಧ ಪುಟ. ಆ ಸಮಾರಂಭಕ್ಕೆ ಕುರ್ಚಿಗಳನ್ನು ಮೇಲಿನ ಮಹಡಿಗೆ ಹೊತ್ತು ತಂದವರು ಆ ಹಮಾಲರೇ. ನಿವೃತ್ತರ ಪಟ್ಟಿಯನ್ನು ಹಾಜರಿ ಪುಸ್ತಕ ನೋಡಿ ಬರೆದವನು ನಾನು. ಪುಸ್ತಕದಲ್ಲಿ ಅವರಿಲ್ಲ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ತಿಂಗಳ ನಂತರ ತಪ್ಪು ಗೊತ್ತಾಗಿ ಅವರ ಮನೆಗೆ ಹೋಗಿ ಶಾಲು ಹೊದೆಸಿದೆವು. ‘ಇರಲಿ ಬಿಡಿ, ಚಳಿಗಾಲಕ್ಕಾಯಿತು’ ಎಂದು ನಕ್ಕರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಈಗ ಸಮಿತಿಯ ಪಟ್ಟಿ ಬೇರೆ ಇದೆ. ಅಂಗಳಕ್ಕೆ ನಿತ್ಯ ಬರುವವರೆಲ್ಲರ ಹೆಸರೂ ಅದರಲ್ಲಿದೆ.

ತಿಂಗಳ ಸುದ್ದಿಹಾಳೆಯಲ್ಲಿ ಏನೇನು ಬರುತ್ತದೆ?

ಮದುವೆ, ಮಗು, ಗೃಹಪ್ರವೇಶ, ವರ್ಗಾವಣೆ, ನಿವೃತ್ತಿ, ನಿಧನ, ಮಕ್ಕಳ ಪರೀಕ್ಷೆಯ ಫಲಿತಾಂಶ. ಫಲಿತಾಂಶದಲ್ಲಿ ಶೇಕಡಾವಾರು ಹಾಕುವುದನ್ನು ನಿಲ್ಲಿಸಿದ್ದೇವೆ, ಪಾಸಾದವರ ಹೆಸರಷ್ಟೇ. ಇದಕ್ಕೆ ಆಕ್ಷೇಪ ಎತ್ತಿದವರೆಲ್ಲ ತೊಂಬತ್ತು ದಾಟಿದ ಮಕ್ಕಳ ತಂದೆತಾಯಿಗಳು ಎಂಬುದನ್ನು ಗಮನಿಸಿದ್ದೇನೆ. ನಿಯಮ ಬದಲಾಗುವುದಿಲ್ಲ.

ಸಹೋದ್ಯೋಗಿ ಆಸ್ಪತ್ರೆಯಲ್ಲಿದ್ದಾರೆ ಎಂದು ಫಲಕಕ್ಕೆ ಹಾಕಬಹುದೇ?

ಅವರನ್ನೋ ಮನೆಯವರನ್ನೋ ಕೇಳದೆ ಹಾಕಬೇಡಿ. ಯಾವ ಕಾಯಿಲೆ ಎಂಬುದನ್ನಂತೂ ಅವರೇ ಹೇಳಿಕೊಂಡರೂ ಬರೆಯಬೇಡಿ. ನಮ್ಮ ಊರುಗಳಲ್ಲಿ ಕಾಯಿಲೆಯ ಸುದ್ದಿ ಬಸ್ಸಿಗಿಂತ ಬೇಗ ಘಟ್ಟ ಇಳಿಯುತ್ತದೆ, ಇಳಿಯುವಾಗ ಒಂದಕ್ಕೆ ಮೂರಾಗುತ್ತದೆ. ನೋಡಿ ಬರಲು ಹೋಗುವವರು ಇಬ್ಬರಿಗಿಂತ ಹೆಚ್ಚು ಹೋಗಬೇಡಿ. ರೋಗಿಯ ಮನೆಯವರಿಗೆ ಎಂಟು ಜನರಿಗೆ ಚಹಾ ಮಾಡುವ ಕೆಲಸ ಹಚ್ಚುವುದು ಸಾಂತ್ವನವಲ್ಲ.

ತಿಂಗಳಿಗೆ ಕಡಿತವಾಗುವ 50 ರೂಪಾಯಿ ಎಲ್ಲಿಗೆ ಹೋಗುತ್ತದೆ?

ಹೆಚ್ಚಿನ ಪಾಲು ಆಂಬುಲೆನ್ಸಿಗೆ, ಆಸ್ಪತ್ರೆಯ ಮುಂಗಡಕ್ಕೆ, ರೋಗಿಯ ಜೊತೆ ಹೋದವರ ಊಟ ವಸತಿಗೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಊರು ಬಿಡಬೇಕು: ಮೇಲಿನ ತಾಲೂಕುಗಳವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಸಾಮಾಜಿಕ ಜಾಲತಾಣದಲ್ಲೂ ಬೀದಿಯಲ್ಲೂ ಒಂದೇ ದನಿಯಲ್ಲಿ ಕೇಳಿದ್ದು ನೆನಪಿರಬಹುದು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಆಸುಪಾಸು. ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದವನ ಮನೆಯವರು ಮೊದಲು ಹುಡುಕುವುದು ವಾಹನವನ್ನು, ಆಮೇಲೆ ಹಣವನ್ನು. ಆ ಎರಡು ಹುಡುಕಾಟಗಳನ್ನು ತಪ್ಪಿಸುವುದೇ ಈ ನಿಧಿಯ ಕೆಲಸ.

ಹಾಗಾಗಿ ತುರ್ತಿನಲ್ಲಿ ಅರ್ಜಿ ಬೇಡ. ಸಮಿತಿಯ ಐವರಲ್ಲಿ ಯಾರಿಗಾದರೂ ಒಂದು ಕರೆ ಸಾಕು, ಮೊದಲ ಕಂತು ಆಗಲೇ ಹೋಗುತ್ತದೆ, ಕಾಗದ ಆಮೇಲೆ ಬರುತ್ತದೆ. ಹಿಂದೆ ಅರ್ಜಿ, ಶಿಫಾರಸು, ಸಭೆ ಎಂದು ವಾರ ಹಿಡಿಯುತ್ತಿತ್ತು; ಆ ವಾರದಲ್ಲಿ ಮನುಷ್ಯ ಒಂದೋ ಗುಣವಾಗಿರುತ್ತಿದ್ದ, ಇಲ್ಲವೋ ಬಂಗಾರ ಅಡವಿಟ್ಟಿರುತ್ತಿದ್ದ. ‘ದುರುಪಯೋಗವಾದರೆ?’ ಎಂದು ವಾರ್ಷಿಕ ಸಭೆಯಲ್ಲಿ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಆಗಬಹುದು. ಕೈಯೊಡ್ಡಲು ನಾಚಿ ಸುಮ್ಮನಿದ್ದವರಿಂದ ಆದ ನಷ್ಟ ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಯಾರಿಗೆ ಎಷ್ಟು ಕೊಟ್ಟೆವು ಎಂಬುದು ಸಮಿತಿಯ ಪುಸ್ತಕದಲ್ಲಿರುತ್ತದೆ, ಸುದ್ದಿಹಾಳೆಯಲ್ಲಿ ಒಟ್ಟು ಮೊತ್ತ ಮಾತ್ರ ಬರುತ್ತದೆ. ಸಹಾಯ ಪಡೆದವರ ಫೋಟೊ ತೆಗೆಯುವುದಿಲ್ಲ.

ಈ 50 ರೂಪಾಯಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಇಲ್ಲ. ದಾನಕ್ಕೆ ತೆರಿಗೆ ವಿನಾಯಿತಿ ಸಿಗಲು ನಿಧಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇಕು, ನಮ್ಮದು ಒಳಗಿನ ನಿಧಿ.

ಮೇ ತಿಂಗಳಲ್ಲಿ ಬ್ಯಾಂಕ್ ಖಾತೆಯಲ್ಲಿ 20 ರೂಪಾಯಿ ಇಟ್ಟುಕೊಳ್ಳಿ ಎಂದು ಯಾಕೆ ಗಂಟು ಬೀಳುತ್ತೀರಿ?

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವರ್ಷದ ಕಂತು 20 ರೂಪಾಯಿ. 18ರಿಂದ 70 ವರ್ಷದ ಒಳಗಿನ, ಬ್ಯಾಂಕ್ ಖಾತೆ ಇರುವ ಯಾರಿಗಾದರೂ ಸಿಗುತ್ತದೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ. ಅವಧಿ ಜೂನ್ 1ರಿಂದ ಮೇ 31. ಹಾವು ಕಚ್ಚಿ ಸಾಯುವುದು, ಮರದಿಂದ ಬೀಳುವುದು ಇದರಲ್ಲಿ ಬರುತ್ತದೆ, ಆದರೆ ಕೂಡಲೇ ಆಸ್ಪತ್ರೆಗೆ ಸೇರಿಸಿದ ದಾಖಲೆ ಇರಬೇಕು. ನಮ್ಮಲ್ಲಿ ಎಷ್ಟೋ ಮನೆಯವರು ಕೊನೆಕೊಯ್ಲಿನಲ್ಲಿ, ಅಂದರೆ ಅಡಿಕೆ ಗೊನೆ ಇಳಿಸುವಾಗ, ಮರ ಹತ್ತುತ್ತಾರೆ, ಮಳೆಗಾಲದಲ್ಲಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಮರವನ್ನೇ ಹತ್ತುತ್ತಾರೆ. ಅವರ ಮಟ್ಟಿಗೆ ಈ 20 ರೂಪಾಯಿಯ ಬೆಲೆ ಬೇರೆ.

ಹಣ ಮೇ ಕೊನೆಯ ಹೊತ್ತಿಗೆ ಖಾತೆಯಿಂದ ತಾನೇ ಕಡಿತವಾಗುತ್ತದೆ. ಅಂದು ಖಾತೆ ಬರಿದಾಗಿದ್ದರೆ ವಿಮೆ ಸದ್ದಿಲ್ಲದೆ ನಿಲ್ಲುತ್ತದೆ, ಯಾರೂ ಮನೆಗೆ ಬಂದು ಹೇಳುವುದಿಲ್ಲ. ಜೀವ ವಿಮೆಯದು ಬೇರೆ ಯೋಜನೆ: ಜೀವನ ಜ್ಯೋತಿ, ವರ್ಷಕ್ಕೆ 436 ರೂಪಾಯಿ, ಸೇರಲು ವಯಸ್ಸು 18ರಿಂದ 50. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯನ್ನೂ ಮರೆಯಬೇಡಿ, ಅದರ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ.

ರಕ್ತದಾನ ಶಿಬಿರದಲ್ಲಿ ನನ್ನನ್ನು ವಾಪಸು ಕಳಿಸಿದರು. ಯಾಕೆ?

ವಯಸ್ಸು 18ರಿಂದ 65ರ ಒಳಗಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಪುರುಷರು ಕೊಟ್ಟು 90 ದಿನ, ಮಹಿಳೆಯರು 120 ದಿನ ಆಗಿರಬೇಕು. ನಮ್ಮ ಅಡಿಕೆ ಆರಿಸುವ ಮಹಿಳೆಯರಲ್ಲಿ ಬಹಳ ಮಂದಿ ಹಿಮೋಗ್ಲೋಬಿನ್ ಕಡಿಮೆ ಎಂದು ಮರಳಿದರು. ಬೆಳಿಗ್ಗೆ ಐದಕ್ಕೆ ಎದ್ದು ಮನೆಗೆಲಸ ಮುಗಿಸಿ, ಒಂದು ಲೋಟ ಕಷಾಯ ಕುಡಿದು ಬಸ್ ಹತ್ತುವವರ ರಕ್ತವನ್ನು ನಾವು ದಾನ ಕೇಳುತ್ತಿದ್ದೆವು. ಈಗ ಶಿಬಿರಕ್ಕೆ ಮೊದಲು ತಪಾಸಣೆ ಮಾಡಿಸಿ, ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಮಾತ್ರೆ ಸಿಗುವಂತೆ ನೋಡಿಕೊಳ್ಳುತ್ತೇವೆ. ನನ್ನ ಲೆಕ್ಕದಲ್ಲಿ ಶಿಬಿರದಿಂದ ಆದ ದೊಡ್ಡ ಉಪಕಾರ ಅದೇ.

ನೆಗೆಟಿವ್ ಗುಂಪಿನವರು ಶಿಬಿರದಲ್ಲಿ ಕೊಡುವ ಮೊದಲು ರಕ್ತನಿಧಿಯವರನ್ನು ಕೇಳಿ. ಅಪರೂಪದ ಗುಂಪು, ಬೇಕಾದ ದಿನ ಕರೆದಾಗ ಕೊಟ್ಟರೆ ಹೆಚ್ಚು ಉಪಯೋಗ.

ನೆರೆ ಸಂತ್ರಸ್ತರಿಗೆ ಹಳೆಯ ಬಟ್ಟೆ ತಂದಿದ್ದೇನೆ. ಎಲ್ಲಿಡಲಿ?

ಮನೆಗೇ ವಾಪಸು ಒಯ್ಯಿರಿ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ಕಡೆಯ ಊರುಗಳು ಮುಳುಗಿದಾಗ ನಾವು ಬಟ್ಟೆ ಸಂಗ್ರಹಿಸಿದೆವು. ಚೀಲ ಬಿಚ್ಚಿದರೆ ಹರಿದ ಸೀರೆ, ಗುಂಡಿ ಇಲ್ಲದ ಅಂಗಿ, ಒಂದೇ ಕಾಲಿನ ಚಪ್ಪಲಿ. ಮನೆ ಸ್ವಚ್ಛ ಮಾಡಿದ್ದನ್ನು ದಾನದ ಲೆಕ್ಕಕ್ಕೆ ಬರೆದಂತಾಯಿತು. ನೀರಿಳಿದ ಮನೆಯವರು ಕೇಳಿದ್ದೇ ಬೇರೆ: ಕೊಡಪಾನ, ಚಾಪೆ, ಬ್ಲೀಚಿಂಗ್ ಪುಡಿ, ಹೊಸ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಮಕ್ಕಳ ಪಠ್ಯಪುಸ್ತಕ, ಕೆಸರು ಎತ್ತಲು ನಾಲ್ಕು ಜನ. ಈಗ ನಾವು ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳುತ್ತೇವೆ, ಆಮೇಲೆ ಅದನ್ನೇ ಕೊಂಡು ಒಯ್ಯುತ್ತೇವೆ. ಕೆಸರು ಎತ್ತಲು ಹೋಗುವವರಿಗೆ ಎರಡು ದಿನ ಸಂಬಳ ಸಹಿತ ರಜೆ ಇದೆ. ಆ ರಜೆಗೆ ಬರುವ ಅರ್ಜಿಗಳು ಹಬ್ಬದ ರಜೆಯಷ್ಟಿಲ್ಲ ಎಂದಷ್ಟೇ ಹೇಳುತ್ತೇನೆ.

ಸಹಾಯಾರ್ಥ ತಾಳಮದ್ದಳೆ ಈ ವರ್ಷವೂ ಇದೆಯೇ?

ಇದೆ. ಇದು ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷ ಕಟ್ಟಿ ಕುಣಿಯುವ ಬಯಲಾಟ ಮಾಡೋಣ ಎಂಬ ಒತ್ತಾಯ ಪ್ರತಿ ವರ್ಷ ಬರುತ್ತದೆ. ವೇಷ, ರಂಗ, ಬೆಳಕು ಎಂದು ಬಂದ ಹಣ ಅಲ್ಲಿಗೇ ಹೋಗುತ್ತದೆ. ತಾಳಮದ್ದಳೆಗೆ ಒಂದು ಜಮಖಾನೆ, ಭಾಗವತರು, ಮದ್ದಳೆ, ಮಾತು ಬಲ್ಲ ನಾಲ್ವರು ಸಾಕು. ತೂಕದ ವಿಭಾಗದವರು ಅರ್ಥಕ್ಕೆ, ಅಂದರೆ ಪಾತ್ರದ ಮಾತಿಗೆ, ಕೂತರೆ ಗಂಟೆಗೂ ಮಿಕ್ಕಿ ಮಾತಾಡುತ್ತಾರೆ ಎಂಬ ದೂರು ದಾಖಲಾಗಿದೆ.

ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸಿದರೆ ನಮಗೂ ರಜೆಯೇ?

ಆ ರಜೆ ಶಾಲೆ, ಅಂಗನವಾಡಿ, ಕಾಲೇಜುಗಳಿಗೆ. ನಮಗೆ ಬೇರೆ ನಿಯಮ ಇದೆ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ, ಅಂದರೆ 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಮೀರಿ ಮಳೆ ಬೀಳಬಹುದೆಂಬ ದಿನ, ಘಟ್ಟ ಹತ್ತಿ ಇಳಿದು ಬರುವವರು ಬರಬೇಕಿಲ್ಲ. ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ, ಮೇಲಧಿಕಾರಿಯ ಒಪ್ಪಿಗೆ ಕಾಯುವ ಅಗತ್ಯವೂ ಇಲ್ಲ, ‘ಬರುತ್ತಿಲ್ಲ’ ಎಂದು ತಿಳಿಸಿದರೆ ಸಾಕು.

ಲಾರಿಯವರಿಗೆ ಇನ್ನೊಂದು ಮಾತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅದರ ಬುಡದಲ್ಲಿ ಹೆದ್ದಾರಿ ಬದಿಯ ಚಹಾದಂಗಡಿ ಇತ್ತು, ಲಾರಿಗಳು ನಿಂತಿದ್ದವು. ಒಂದು ಲಾರಿಯನ್ನು ಚಾಲಕನ ದೇಹದ ಸಮೇತ ಗಂಗಾವಳಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಮಳೆಗಾಲದಲ್ಲಿ ಚಹಾ ಕುಡಿಯಲು, ನಿದ್ದೆ ಮಾಡಲು, ಚಕ್ರ ಬದಲಿಸಲು ಕಡಿದ ಗುಡ್ಡದ ಬುಡದಲ್ಲಿ ನಿಲ್ಲಿಸಬೇಡಿ. ಗುಡ್ಡದಿಂದ ಕೆಂಪು ನೀರು ಒಸರುತ್ತಿದ್ದರೆ, ಮರಗಳು ವಾಲಿದ್ದರೆ, ಚಿಕ್ಕ ಕಲ್ಲುಗಳು ಉರುಳುತ್ತಿದ್ದರೆ ಹಿಂದಕ್ಕೆ ಬನ್ನಿ. ಮಾಲು ತಡವಾಗಿ ತಲುಪಿದ್ದಕ್ಕೆ ಇಲ್ಲಿ ಯಾರ ಸಂಬಳವನ್ನೂ ಹಿಡಿಯುವುದಿಲ್ಲ. ಯಾರಾದರೂ ಹಿಡಿದರೆ ನನಗೆ ಹೇಳಿ.

ಗೋದಾಮಿಗೆ ಗುಳಿಗೆ ಇಟ್ಟ ದಿನ ಒಳಗೆ ಹೋಗಿ ಬೇಗ ಒಂದು ಚೀಲ ತಂದರೆ ಏನಾಗುತ್ತದೆ?

ಸಾಯಬಹುದು. ಹುಳ ಹಿಡಿಯದಂತೆ ಇಡುವ ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಇರುತ್ತದೆ ಎನ್ನುತ್ತಾರೆ, ಆದರೆ ವಾಸನೆ ಇಲ್ಲವೆಂದು ನಂಬಿ ಒಳಹೋಗಬೇಡಿ. ಈ ವಿಷಕ್ಕೆ ಪ್ರತ್ಯೌಷಧ ಇಲ್ಲ. ತಲೆನೋವು, ವಾಕರಿಕೆ, ಎದೆ ಬಿಗಿತ ಕಂಡರೆ ಹೊರಗಿನ ಗಾಳಿಗೆ ಬಂದು 108ಕ್ಕೆ ಕರೆ ಮಾಡಿ. ಯಾವ ಗುಳಿಗೆ ಎಂಬುದನ್ನು ವೈದ್ಯರಿಗೆ ಹೇಳಿ. ಚೆಲ್ಲಿದ ಗುಳಿಗೆಯ ಮೇಲೆ ನೀರು ಹಾಕಬೇಡಿ, ಅನಿಲ ಒಮ್ಮೆಲೇ ಎದ್ದು ಬೆಂಕಿಯೂ ಹತ್ತಬಹುದು.

ಬೀಗದ ಕೈ ಮೇಸ್ತ್ರಿಯ ಹತ್ತಿರ ಇರುತ್ತದೆ. ವ್ಯಾಪಾರಿ ಬಾಗಿಲಲ್ಲಿ ಕಾಯುತ್ತಿದ್ದಾರೆ, ಟೆಂಡರ್ ಇದೆ, ಇವಾವುದೂ ಕಾರಣವಲ್ಲ.

ಚೀಲ ಹೊತ್ತು ಬೆನ್ನು ಹಿಡಿದಿದೆ. ಎಣ್ಣೆ ಹಚ್ಚಿದರೆ ಸಾಲದೇ?

ಎರಡು ದಿನಕ್ಕೆ ಸಾಕು. ಕಾಲಿಗೆ ಜೋಮು ಇಳಿಯುತ್ತಿದ್ದರೆ, ಮೂತ್ರ ಕಟ್ಟಿದರೆ, ಅಂದೇ ಆಸ್ಪತ್ರೆ. ಚೀಲದ ಅಟ್ಟಿಯನ್ನು ತಲೆಗಿಂತ ಎತ್ತರ ಒಬ್ಬರೇ ಏರಿಸಬೇಡಿ. ಕೊಕ್ಕೆ, ದಬ್ಬಳ ಚುಚ್ಚಿದರೆ ಅಡಿಕೆಯ ಪುಡಿ ಒತ್ತಿ ಕೆಲಸಕ್ಕೆ ಮರಳುವ ಪದ್ಧತಿ ಬಿಡಿ. ಸೋಪು ನೀರು, ಆಮೇಲೆ ಧನುರ್ವಾಯು ಚುಚ್ಚುಮದ್ದು.

ಜ್ವರಕ್ಕೆ ರಜೆ ಕೇಳಿದರೆ ‘ದರಕಿಗೆ ಹೋಗಿದ್ದಿರಾ?’ ಎಂದು ಯಾಕೆ ಕೇಳುತ್ತೀರಿ?

ರಜೆ ತಪ್ಪಿಸಲು ಅಲ್ಲ. ಬೇಸಿಗೆಯ ಮೊದಲು ಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವುದು ನಮ್ಮ ಅರ್ಧದಷ್ಟು ಮನೆಗಳ ರೂಢಿ. ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಚಿಕ್ಕ ಹುಳ, ಇರುವುದು ಅದೇ ಒಣ ಎಲೆಯಲ್ಲಿ, ಕಾಯಿಲೆಯ ಕಾಲವೂ ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ಇದು ಮೊದಲು ಗುರುತಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರ ತಾಲೂಕು ಅದರ ಬಿಸಿಯನ್ನು ಚೆನ್ನಾಗಿಯೇ ಅನುಭವಿಸಿತು. ದಿಢೀರ್ ಜ್ವರ, ಸೊಂಟ ಕೈಕಾಲು ನೋವು, ತಲೆನೋವು ಬಂದವರು ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯಿರಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಹಾವು ಕಚ್ಚಿದರೆ?

ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಕಚ್ಚಿದ ಕಾಲನ್ನು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ನಾಟಿ ಔಷಧ ಕೊಡುವವರ ಮೇಲೆ ನನಗೆ ಗೌರವವಿದೆ. ಅವರ ಮನೆಗೆ ಆಸ್ಪತ್ರೆಯಿಂದ ಬಂದ ಮೇಲೆ ಹೋಗಿ.

ಅಡಿಕೆ ಮಾರುವ ನಾವೇ ಬಾಯಿ ಕ್ಯಾನ್ಸರ್ ತಪಾಸಣೆ ನಡೆಸುವುದು ವಿಚಿತ್ರವಲ್ಲವೇ?

ವಿಚಿತ್ರವೇ. ಈ ಪ್ರಶ್ನೆಯನ್ನು ಕೆಲವರು ನಗುತ್ತ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಅದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ಈ ಬೆಳೆಯಿಂದ ನನ್ನ ಮನೆಯೂ ನಡೆದಿದೆ, ನನ್ನ ಅಜ್ಜ ಕವಳ (ಎಲೆಯಡಿಕೆ) ಹಾಕುತ್ತಲೇ ಎಂಬತ್ತು ದಾಟಿದರು. ಆದರೆ ಹಾಗೆ ದಾಟದವರ ಹೆಸರನ್ನು ನಾವು ಉದಾಹರಣೆಗೆ ತೆಗೆದುಕೊಳ್ಳುವುದಿಲ್ಲ.

ವಾದ ದೆಹಲಿಯಲ್ಲಿ ಮುಗಿಯುವವರೆಗೆ ನಮ್ಮ ಹುಡುಗರ ಬಾಯಿ ಕಾಯುವುದಿಲ್ಲ. ಚೀಲ ಹೊರುವ ಹೊತ್ತಿಗೆ ದಣಿವಾಗದಿರಲೆಂದು ತಂಬಾಕಿನ ಕವಳ, ಗುಟ್ಕಾ ದವಡೆಯಲ್ಲಿಟ್ಟುಕೊಂಡೇ ಇರುತ್ತಾರೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಿ ನೋಡಿ. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ದಂತ ವೈದ್ಯರ ಬಳಿ ಹೋಗಿ. ತಪಾಸಣೆಯ ದಿನ ಅರ್ಧ ದಿನದ ಕೂಲಿ ನಿಧಿಯಿಂದ ಸಿಗುತ್ತದೆ.

ಕೆಲಸದ ಜಾಗದಲ್ಲಿ ಕಿರುಕುಳವಾದರೆ ಯಾರಿಗೆ ಹೇಳಬೇಕು?

ನನಗಲ್ಲ, ಆಂತರಿಕ ದೂರು ಸಮಿತಿಗೆ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲೆಲ್ಲ ಇದು ಇರಲೇಬೇಕು. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಘಟನೆಯಾಗಿ ಮೂರು ತಿಂಗಳೊಳಗೆ ಲಿಖಿತ ದೂರು, 90 ದಿನದೊಳಗೆ ವಿಚಾರಣೆ. ದಿನಗೂಲಿಯವರಿಗೂ ಅನ್ವಯ. ಬರೆಯಲು ಬಾರದವರಿಗೆ ಸಮಿತಿಯೇ ಬರೆದುಕೊಡಬೇಕು. ‘ಊರಿನವರೇ, ಮಾತಾಡಿ ಮುಗಿಸಿ’ ಎನ್ನುವ ಹಿರಿಯರು ಈ ವಿಷಯದಲ್ಲಿ ದಯವಿಟ್ಟು ಸುಮ್ಮನಿರಬೇಕು.

ಮನಸ್ಸಿಗೆ ನೆಮ್ಮದಿ ಇಲ್ಲ. ಇದೂ ಸಮಿತಿಯ ವಿಷಯವೇ?

ಹೌದು. ಸಾಲ, ಕುಡಿತ, ಕೊಳೆರೋಗಕ್ಕೆ ಹೋದ ಫಸಲು, ಮದುವೆಯಾಗದ ಮಗ, ಯಾವುದಾದರೂ ಇರಲಿ. ನಮ್ಮೆದುರು ಹೇಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಒಬ್ಬರು ನಾಲ್ಕು ದಿನದಿಂದ ಚಹಾಕ್ಕೆ ಬರದೆ ಚೀಲದ ಹಿಂದೆ ಕೂರುತ್ತಿದ್ದರೆ, ಲೋಟ ಹಿಡಿದು ನೀವೇ ಅಲ್ಲಿಗೆ ಹೋಗಿ ಕೂತುಕೊಳ್ಳಿ. ಉಪದೇಶ ಬೇಡ.

ಮಾರಿಕಾಂಬಾ ಜಾತ್ರೆಗೆ ಎಷ್ಟು ದಿನ ರಜೆ?

ಎರಡು ವರ್ಷಕ್ಕೊಮ್ಮೆ ಬರುವ ಪ್ರಶ್ನೆ. ರಥೋತ್ಸವದ ದಿನ ಪೂರ್ತಿ, ಉಳಿದ ದಿನ ಸರದಿ. ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ಅಮ್ಮ ಗದ್ದುಗೆಯಲ್ಲಿರುವಷ್ಟು ದಿನ ಅಂಗಳದ ಲಾರಿಗಳು ಪೇಟೆಯ ರಸ್ತೆ ಹಿಡಿಯುವುದಿಲ್ಲ.

ಕ್ಷೇಮ ನಿಧಿಯಿಂದಲೇ ಚಹಾಕ್ಕೆ ಹಣ ಹೋಗುತ್ತದಂತೆ, ನಿಜವೇ?

ಸುಳ್ಳು. ಚಹಾದ ಲೆಕ್ಕ ಬೇರೆ ಪುಸ್ತಕದಲ್ಲಿದೆ, ಯಾರು ಬೇಕಾದರೂ ನೋಡಬಹುದು. ಸಕ್ಕರೆ ಬೇಡದವರು ಮೂರೂವರೆಯ ಒಳಗೆ ಹೇಳಿ. ಈಗ ಹದಿನಾಲ್ಕು ಜನ ಇದ್ದೀರಿ, ಕೆಟಲ್ ಒಂದೇ ಇದೆ.